ದೇರಳಕಟ್ಟೆ ಕಡೆ ಸ್ಟುಡಿಯೋ ರೂಮು ಹಿಡಿಯುವವರು ಮೊದಲು ಹಿಂದಿನ ಧರೆ ನೋಡಿ

ಮಂಗಳೂರು ಹತ್ತಿರದ ದೇರಳಕಟ್ಟೆ, ಕೊಣಾಜೆ ಸುತ್ತ ಕಾಲೇಜು, ಆಸ್ಪತ್ರೆ ಹೆಚ್ಚಾದ ಮೇಲೆ ಮನೆಯ ಹಿಂದೆ, ಟೆರೇಸಿನ ಮೇಲೆ ಒಂದೊಂದು ರೂಮು ಕಟ್ಟಿ "ಸ್ಟುಡಿಯೋ ಅಪಾರ್ಟ್‌ಮೆಂಟ್" ಎಂದು ಬಾಡಿಗೆಗೆ ಕೊಡುವುದು ಜೋರಾಗಿದೆ. ಎಲ್ಲವೂ ಕೆಟ್ಟದಲ್ಲ. ನನಗೆ ಸಿಕ್ಕಂಥದ್ದು ಮಾತ್ರ ಇನ್ನೊಬ್ಬರಿಗೆ ಸಿಗಬಾರದು.

ಏಪ್ರಿಲ್‌ನಲ್ಲಿ ನೋಡುವಾಗ ರೂಮು ಚಂದವೇ ಇತ್ತು. ಹೊಸ ಬಣ್ಣ, ಹೊಳೆಯುವ ಟೈಲ್ಸ್, ಮೂಲೆಯಲ್ಲಿ ಅಡುಗೆ ಕಟ್ಟೆ. ಬಾಡಿಗೆ 8,500, ಅಡ್ವಾನ್ಸ್ 50,000. ಗುಡ್ಡ ಕಡಿದು ಸಮ ಮಾಡಿದ ಜಾಗ. ಹಿಂದಿನ ಗೋಡೆಗೂ ಧರೆಗೂ (ಗುಡ್ಡ ಕಡಿದಾಗ ಉಳಿದ ನೆಟ್ಟಗಿನ ಮಣ್ಣಿನ ಬದಿ) ನಡುವೆ ಒಬ್ಬರು ನಿಲ್ಲುವಷ್ಟು ಎಡೆಯೂ ಇಲ್ಲ. ಮಳೆಗಾಲದಲ್ಲಿ ಹೇಗೆ ಎಂದು ಕೇಳಿದೆ. "ಒಂದು ಹನಿ ಬರುವುದಿಲ್ಲ" ಎಂದರು ಓನರ್.

ಜೂನ್ ಮಳೆ ಹಿಡಿಯಿತು. ಕೆಂಪುಕಲ್ಲಿನ ಗುಡ್ಡ ನೀರು ಕುಡಿದು ಕುಡಿದು, ತುಂಬಿದ ಮೇಲೆ ಕಡಿದ ಜಾಗದಲ್ಲೇ ಒಸರತೊಡಗುತ್ತದೆ. ಮಾಡು ಸೋರಿದರೆ ಶೀಟು ಹಾಕಬಹುದು. ಇಲ್ಲಿ ನೀರು ಬಂದದ್ದು ಟೈಲ್ಸಿನ ಸಂದಿನಿಂದ. ಹಾಸಿಗೆ, ಬಟ್ಟೆ, ಸರ್ಟಿಫಿಕೇಟಿನ ಫೈಲು, ಎಲ್ಲದಕ್ಕೂ ಬೂಷ್ಟು. ಒದ್ದೆ ಗೋಡೆಯ ಸ್ವಿಚ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಓನರಿಗೆ ಹೇಳಿದರೆ, "ಮಳೆಗಾಲ ಅಲ್ವಾ ಮಾರಾಯ್ರೇ, ಫ್ಯಾನ್ ಹಾಕಿಡಿ."

ರಾತ್ರಿ ಹಿಂದೆ ಮಣ್ಣು ಜಾರುವ ಸದ್ದು ಕೇಳಿದ ಮೇಲೆ ನಾನು ಅಲ್ಲಿ ಮಲಗಲಿಲ್ಲ. 2025ರ ಮೇ ಕೊನೆಯಲ್ಲಿ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಮನೆಯೊಳಗಿದ್ದ ಅಜ್ಜಿ, ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರಲ್ಲ, ಅದು ಇಲ್ಲಿಂದ ದೂರವೇನಲ್ಲ. ಧರೆಗೆ ಅಂಟಿಸಿ ರೂಮು ಕಟ್ಟಿ ಅದರಲ್ಲಿ ಮಕ್ಕಳನ್ನು ಮಲಗಿಸಿ ಬಾಡಿಗೆ ಎಣಿಸುವುದು ನನ್ನ ಪ್ರಕಾರ ದೊಡ್ಡ ಅಪರಾಧ.

ಕರೆಂಟಿನದು ಬೇರೆ ಕಥೆ. ರೂಮಿಗೆ ಸ್ವಂತ ಕರೆಂಟ್ ಕನೆಕ್ಷನ್ನಿನ ಆರ್‌ಆರ್ ನಂಬರ್ ಇಲ್ಲ, ಓನರ್ ಹಾಕಿಸಿದ ಸಬ್‌ಮೀಟರ್. ಯೂನಿಟಿಗೆ 12 ರೂಪಾಯಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗಿನ ಉಚಿತ ಕರೆಂಟ್ ಬಾಡಿಗೆದಾರರಿಗೂ ಇದೆ, ಆದರೆ ಅದಕ್ಕೆ ಇಲ್ಲಿನ ವಿದ್ಯುತ್ ಕಂಪನಿ ಮೆಸ್ಕಾಂನ ಆರ್‌ಆರ್ ನಂಬರ್ ಬೇಕಲ್ಲ!

ಖಾಲಿ ಮಾಡುತ್ತೇನೆಂದಾಗ ಅಗ್ರಿಮೆಂಟಿನ ಮಾತು ಬಂತು. ಸಹಿ ಹಾಕಿಸಿಕೊಂಡು ಹೋದವರು ಪ್ರತಿ ಕೊಟ್ಟೇ ಇರಲಿಲ್ಲ. ಆರು ತಿಂಗಳಾಗಿಲ್ಲ, ಪೇಂಟಿಂಗ್ ಖರ್ಚಿದೆ ಎಂದು ಹೇಳಿ ಅರ್ಧ ಅಡ್ವಾನ್ಸ್ ಹಿಡಿದುಕೊಂಡರು. ಆ ಗೋಡೆ ಹಾಳು ಮಾಡಿದ್ದು ಅವರ ಧರೆ, ಬಣ್ಣದ ದುಡ್ಡು ನನ್ನದು. ಸಾಮಾನು ಸಾಗಿಸುವ ದಿನ ಪಕ್ಕದ ಮನೆಯ ಅಕ್ಕ ಹೇಳಿದರು: "ಜುಲೈಗೆ ಎಲ್ಲರೂ ಬಿಡ್ತಾರೆ. ದೀಪಾವಳಿ ಕಳೆದ ಮೇಲೆ ಪುನಃ ಬಣ್ಣ ಹೊಡೆಸ್ತಾರೆ."

ಹಾಗಾಗಿ ಬೇಸಿಗೆಯಲ್ಲಿ ರೂಮು ನೋಡಲು ಹೋದಾಗ ಓನರಿಗಿಂತ ಮೊದಲು ಪಕ್ಕದವರನ್ನು ಮಾತಾಡಿಸಿ, ಕಳೆದ ಜುಲೈಯಲ್ಲಿ ಯಾರಿದ್ದರು, ಯಾಕೆ ಬಿಟ್ಟರು ಎಂದು ಕೇಳಿ. ಹಿಂದೆ ಹೋಗಿ ಧರೆಗೆ ತಡೆಗೋಡೆ ಇದೆಯಾ, ಅದರಲ್ಲಿ ನೀರು ಹೊರಹೋಗಲು ಪೈಪ್ ಬಿಟ್ಟಿದ್ದಾರಾ ನೋಡಿ. ಹಳೆಯ ಕರೆಂಟ್ ಬಿಲ್ ತೋರಿಸಲು ಹೇಳಿ. ಇಬ್ಬರೂ ಸಹಿ ಮಾಡಿದ ಅಗ್ರಿಮೆಂಟಿನ ಪ್ರತಿ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ, "ನಾಳೆ ಬೇರೆಯವರು ಬರ್ತಾರೆ" ಎಂದು ಅವಸರ ಮಾಡಿದರೂ.