ಮೃದು ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ಸ್ವಯಂಚಾಲಿತ ಸಾಧನಗಳು: ಬಳಸಿ ನೋಡಿದ ಮೇಲಿನ ವಿಮರ್ಶೆ

ಮೃದು ಕಾಂಟ್ಯಾಕ್ಟ್ ಲೆನ್ಸ್‌ಗಳನ್ನು ತಾವಾಗಿಯೇ ತೊಳೆಯುತ್ತವೆ ಎಂದು ಹೇಳಲಾಗುವ ಸಾಧನಗಳು ಇಂದು ಹಲವು ಬಗೆಯಲ್ಲಿ ಸಿಗುತ್ತವೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಡಬ್ಬಿ, ಅದರೊಳಗೆ ಎಡ ಬಲ ಲೆನ್ಸ್‌ಗಳಿಗೆ ಎರಡು ಗುಳಿಗಳು, ಒಂದು ಗುಂಡಿ, ಚಾರ್ಜ್ ಮಾಡಲು ಒಂದು ಕೇಬಲ್: ಹೆಚ್ಚಿನವುಗಳ ಸ್ವರೂಪ ಇಷ್ಟೇ. ದ್ರಾವಣ ತುಂಬಿ, ಲೆನ್ಸ್ ಇಟ್ಟು, ಗುಂಡಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ ಎಂಬುದು ಅವುಗಳ ಭರವಸೆ. ಬಹುಕಾಲದಿಂದ ಲೆನ್ಸ್ ಧರಿಸುತ್ತಿರುವ ನಾನು ಈ ಬಗೆಯ ಸಾಧನಗಳನ್ನು ಬಳಸಿ ನೋಡಿ ತಳೆದಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೆರಳ ತುದಿಯಿಂದ ಉಜ್ಜಿ ತೊಳೆಯುವ ಕೆಲಸವನ್ನು ಬಿಟ್ಟುಬಿಡಬಹುದು ಎನ್ನುವಷ್ಟು ಸಾಮರ್ಥ್ಯ ಮೋಟಾರು ಇರುವ ಯಾವ ಡಬ್ಬಿಯಲ್ಲಿಯೂ ನನಗೆ ಕಾಣಲಿಲ್ಲ. ಸ್ವಯಂಚಾಲಿತ ಎಂಬ ಹೆಸರಿಗೆ ನಿಜವಾಗಿ ತಕ್ಕದ್ದು ವಿದ್ಯುತ್ತನ್ನೇ ಬೇಡದ ಹೈಡ್ರೋಜನ್ ಪೆರಾಕ್ಸೈಡ್ ಬಟ್ಟಲು.

ಈ ಮಾತು ಸ್ಪಷ್ಟವಾಗಬೇಕಾದರೆ ಕೊಳೆ ತೆಗೆಯುವುದು ಬೇರೆ, ಸೋಂಕು ನಿವಾರಿಸುವುದು ಬೇರೆ ಎಂಬುದನ್ನು ಗಮನಿಸಬೇಕು. ಲೆನ್ಸ್ ಕಣ್ಣಿಗೆ ಸೇರಿದ ಕೆಲವೇ ನಿಮಿಷಗಳಲ್ಲಿ ಕಣ್ಣೀರಿನಲ್ಲಿರುವ ಲೈಸೋಜೈಮ್‌ನಂತಹ ಪ್ರೋಟೀನುಗಳು ಅದರ ಮೇಲೆ ಕೂರತೊಡಗುತ್ತವೆ. ರೆಪ್ಪೆಯಂಚಿನ ಗ್ರಂಥಿಗಳು ಸ್ರವಿಸುವ ಜಿಡ್ಡು ಅವುಗಳ ಜೊತೆಗೂಡುತ್ತದೆ. ನೀರಿನಂಶ ಹೆಚ್ಚಿರುವ, ವಿದ್ಯುದಾವೇಶವುಳ್ಳ ಹೈಡ್ರೋಜೆಲ್ (ನೀರು ಹೀರಿ ಮೃದುವಾಗುವ ಪ್ಲಾಸ್ಟಿಕ್) ಲೆನ್ಸ್‌ಗಳು ಪ್ರೋಟೀನನ್ನು ಹೆಚ್ಚು ಸೆಳೆದುಕೊಂಡರೆ, 1999ರ ಹೊತ್ತಿಗೆ ಬಳಕೆಗೆ ಬಂದ ಸಿಲಿಕಾನ್ ಹೈಡ್ರೋಜೆಲ್ ಲೆನ್ಸ್‌ಗಳಲ್ಲಿ ಪ್ರೋಟೀನು ಕಡಿಮೆ, ಜಿಡ್ಡು ಹೆಚ್ಚು. ಸಂಜೆಯಾಗುತ್ತಿದ್ದಂತೆ ಅಕ್ಷರಗಳ ಅಂಚು ಮಬ್ಬಾಗುವುದು ಬಹಳ ಸಲ ಈ ಜಿಡ್ಡಿನ ಪದರದಿಂದಲೇ. ಈ ಪದರಕ್ಕೆ ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು, ಅಕಾಂತಮೀಬಾ ಎಂಬ ಏಕಕೋಶ ಜೀವಿಯನ್ನು ಕೊಲ್ಲುವುದು ಎರಡನೆಯ ಕೆಲಸ. ಮೊದಲನೆಯದು ಸರಿಯಾಗಿ ಆಗದಿದ್ದರೆ ಎರಡನೆಯದೂ ಅರೆಬರೆಯಾಗಿಯೇ ಉಳಿಯುತ್ತದೆ.

ಮಾರುಕಟ್ಟೆಯಲ್ಲಿ ಅತಿ ಹೆಚ್ಚಾಗಿ ಕಾಣಸಿಗುವವು ಅಲ್ಟ್ರಾಸಾನಿಕ್ ಎಂಬ ಹೆಸರು ಹೊತ್ತ ಡಬ್ಬಿಗಳು. ಅಲ್ಟ್ರಾಸಾನಿಕ್ ಎನ್ನಬೇಕಾದರೆ ಕಂಪನ ಸೆಕೆಂಡಿಗೆ 20,000ಕ್ಕಿಂತ ಹೆಚ್ಚಿರಬೇಕು. ಒಡವೆ ಮತ್ತು ಕನ್ನಡಕ ತೊಳೆಯುವ ಯಂತ್ರಗಳು ಸಾಮಾನ್ಯವಾಗಿ 40,000ದ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಆ ವೇಗದಲ್ಲಿ ದ್ರವದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಕುಸಿಯುತ್ತವೆ, ಆ ಕುಸಿತದ ಬಲವೇ ಕೊಳೆಯನ್ನು ಕೀಳುತ್ತದೆ. ಆದರೆ ಅಗ್ಗದ ಡಬ್ಬಿಗಳಲ್ಲಿ ಎಷ್ಟೋ ಸಲ ಇರುವುದು ಮೊಬೈಲ್ ಫೋನು ನಡುಗಲು ಬಳಸುವಂತಹ ಪುಟ್ಟ ಮೋಟಾರು. ಅದು ಸೆಕೆಂಡಿಗೆ ನೂರಿನ್ನೂರು ಸಲ ಅಲುಗಿಸಬಲ್ಲದೇ ಹೊರತು ಗುಳ್ಳೆಗಳನ್ನು ಹುಟ್ಟಿಸಲಾರದು. ಇವೆರಡರ ವ್ಯತ್ಯಾಸವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಸಾಧನವನ್ನು ಮೊದಲ ಬಾರಿ ಬಳಸುವ ಮುನ್ನ ಗುಳಿಯಲ್ಲಿ ಲೆನ್ಸ್ ದ್ರಾವಣ ತುಂಬಿ, ತೆಳುವಾದ ಅಲ್ಯೂಮಿನಿಯಂ ಹಾಳೆಯ ಒಂದು ತುಂಡನ್ನು ಮುಳುಗಿಸಿ ಕೆಲವು ನಿಮಿಷ ಓಡಿಸಿ ನೋಡಬೇಕು. ನಿಜವಾದ ಅಲ್ಟ್ರಾಸಾನಿಕ್ ಆಗಿದ್ದರೆ ಹಾಳೆಯ ಮೇಲೆ ಸೂಜಿಮೊನೆಯಂತಹ ಗುರುತುಗಳು, ಕೆಲವೊಮ್ಮೆ ತೂತುಗಳು ಕಾಣುತ್ತವೆ. ಬರಿಯ ನಡುಕವಾಗಿದ್ದರೆ ಹಾಳೆ ಇದ್ದಂತೆಯೇ ಇರುತ್ತದೆ. ಪರೀಕ್ಷೆಯಾದ ಮೇಲೆ ಆ ದ್ರಾವಣವನ್ನು ಚೆಲ್ಲಿ, ಗುಳಿಯನ್ನು ಹೊಸ ದ್ರಾವಣದಿಂದ ಚೆನ್ನಾಗಿ ತೊಳೆಯಬೇಕು. ನಲ್ಲಿ ನೀರನ್ನು ಎಂದಿಗೂ ಬಳಸಬಾರದು.

ನಡುಗಿಸುವ ಡಬ್ಬಿಗಳು ಏನನ್ನೂ ಮಾಡುವುದಿಲ್ಲ ಎಂದರೆ ಅನ್ಯಾಯವಾದೀತು. ಅಂದೇ ಕೂತ ಧೂಳು, ಕಾಡಿಗೆಯ ಪುಡಿ, ಇನ್ನೂ ಗಟ್ಟಿಯಾಗಿ ಅಂಟದ ಲೋಳೆ ಇವೆಲ್ಲ ಸಡಿಲವಾಗಿ ದ್ರಾವಣಕ್ಕೆ ಇಳಿಯುವುದನ್ನು ನಾನು ಕಂಡಿದ್ದೇನೆ. ಆದರೆ ಜಿಡ್ಡಿನ ಮಬ್ಬು ಹಾಗೆಯೇ ಉಳಿಯುತ್ತಿತ್ತು. ಅದೇ ಲೆನ್ಸನ್ನು ಅಂಗೈಯ ಮೇಲಿಟ್ಟು ದ್ರಾವಣದೊಂದಿಗೆ ಮೆಲ್ಲಗೆ ಉಜ್ಜಿದಾಗ ಮಬ್ಬು ಹೋಗುತ್ತಿತ್ತು. ನನ್ನ ತೀರ್ಮಾನಕ್ಕೆ ಈ ಒಂದು ಅನುಭವವೇ ಮುಖ್ಯ ಆಧಾರ. ಇನ್ನೊಂದು ತೊಂದರೆಯೂ ಇದೆ. ನಡುಕದ ನಡುವೆ ಮೃದು ಲೆನ್ಸ್ ಮಡಚಿಕೊಂಡು ಗುಳಿಯ ಅಂಚಿಗೆ ಸರಿಯುತ್ತದೆ, ಮುಚ್ಚಳ ತಿರುಗಿಸುವಾಗ ಅದರಡಿ ಸಿಕ್ಕಿದರೆ ಅಂಚು ಹರಿಯುತ್ತದೆ. ಗುಳಿ ಆಳವಾಗಿದ್ದು, ಲೆನ್ಸನ್ನು ಹಿಡಿದಿಡುವ ಜಾಲರಿ ಬುಟ್ಟಿ ಇರುವ ಮಾದರಿಗಳಲ್ಲಿ ಈ ಅಪಾಯ ಕಡಿಮೆ.

ಇದಕ್ಕಿಂತ ಗಂಭೀರವಾದದ್ದು ಸಮಯದ ಪ್ರಶ್ನೆ. ತೊಳೆಯಲು, ನೆನೆಸಿಡಲು ಎರಡಕ್ಕೂ ಬಳಸುವ ಮಲ್ಟಿಪರ್ಪಸ್ ದ್ರಾವಣಗಳಲ್ಲಿರುವ ಸೋಂಕುನಿವಾರಕಗಳಿಗೆ ಕೆಲಸ ಮಾಡಲು ಸಾಮಾನ್ಯವಾಗಿ 4ರಿಂದ 6 ಗಂಟೆಗಳ ನೆನೆಸುವಿಕೆ ಬೇಕು. ಯಂತ್ರ ಐದು ನಿಮಿಷ ಅಲುಗಿಸಿತೆಂದು ಲೆನ್ಸನ್ನು ನೇರವಾಗಿ ಕಣ್ಣಿಗೆ ಹಾಕಿಕೊಂಡರೆ ಅದು ತೊಳೆದ ಲೆನ್ಸ್ ಇರಬಹುದು, ಸೋಂಕು ಕಳೆದ ಲೆನ್ಸ್ ಅಲ್ಲ. ಐದು ನಿಮಿಷದಲ್ಲಿ ಎಲ್ಲ ಮುಗಿಯಿತೆಂಬ ಭಾವನೆಯನ್ನು ಮೂಡಿಸುವ ಪ್ರಚಾರ ನನ್ನ ದೃಷ್ಟಿಯಲ್ಲಿ ಈ ಸಾಧನಗಳ ಅತ್ಯಂತ ದೊಡ್ಡ ದೋಷ. ಇದು ಕಾಗದದ ಮೇಲಿನ ಆತಂಕವಲ್ಲ. 2006ರಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಸೋಂಕು ಹಲವು ದೇಶಗಳಲ್ಲಿ ಕಾಣಿಸಿಕೊಂಡಾಗ ಬಾಶ್ ಅಂಡ್ ಲಾಂಬ್ ಸಂಸ್ಥೆ ತನ್ನ ರೆನ್ಯೂ ವಿತ್ ಮಾಯಿಶ್ಚರ್‌ಲಾಕ್ ದ್ರಾವಣವನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಮರುವರ್ಷವೇ ಅಕಾಂತಮೀಬಾ ಸೋಂಕಿನ ಕಾರಣದಿಂದ ಮತ್ತೊಂದು ಸಂಸ್ಥೆಯ ದ್ರಾವಣ ಹಿಂದೆ ಸರಿಯಬೇಕಾಯಿತು. ಪ್ರಯೋಗಾಲಯದಲ್ಲಿ ಗೆದ್ದ ದ್ರಾವಣವೂ ಜನರ ನಿತ್ಯಬಳಕೆಯಲ್ಲಿ ಸೋಲಬಹುದು ಎಂಬುದು ಆಗ ತಿಳಿದುಬಂತು. ಉಜ್ಜುವುದು, ತೊಳೆಯುವುದು, ಹಳೆಯ ದ್ರಾವಣದ ಮೇಲೆ ಹೊಸತನ್ನು ಸುರಿಯದಿರುವುದು ಇವೆಲ್ಲ ಇಂದಿಗೂ ತಜ್ಞರ ಸಲಹೆಯಾಗಿ ಉಳಿದಿರುವುದು ಇದೇ ಕಾರಣಕ್ಕೆ.

ಪ್ರೋಟೀನನ್ನು ಸಣ್ಣ ವಿದ್ಯುತ್ ಪ್ರವಾಹದಿಂದ ಸೆಳೆದು ತೆಗೆಯುತ್ತವೆ ಎನ್ನುವ ಸಾಧನಗಳೂ ಇವೆ. ಲೈಸೋಜೈಮ್‌ಗೆ ಧನಾವೇಶ ಇರುವುದರಿಂದ ತತ್ವದಲ್ಲಿ ಇದು ಸಾಧ್ಯವೇ. ಆದರೆ ಆವೇಶವಿಲ್ಲದ ಜಿಡ್ಡನ್ನು, ರೂಪಗೆಟ್ಟು ಗಟ್ಟಿಯಾಗಿ ಹಿಡಿದುಕೊಂಡ ಪ್ರೋಟೀನನ್ನು ಇವು ಅಲುಗಿಸಲಾರವು. ಸಿಲಿಕಾನ್ ಹೈಡ್ರೋಜೆಲ್ ಧರಿಸುವವರಿಗೆ ಇವುಗಳಿಂದ ಹೆಚ್ಚಿನ ಲಾಭವಿಲ್ಲ.

ಅತಿನೇರಳೆ ಕಿರಣದ ಡಬ್ಬಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಯುವಿ-ಸಿ ಕಿರಣ. ಪಾದರಸದ ದೀಪದಲ್ಲಿ ಅದರ ತರಂಗದೂರ 254 ನ್ಯಾನೋಮೀಟರ್, ಎಲ್‌ಇಡಿಗಳಲ್ಲಿ ಸುಮಾರು 260ರಿಂದ 280. ನೋಡಲು ನೇರಳೆಯಾಗಿ ಹೊಳೆಯುವ ಅಗ್ಗದ ಎಲ್‌ಇಡಿ 400ರ ಹತ್ತಿರದ್ದು, ಅದಕ್ಕೆ ಆ ಶಕ್ತಿ ಇಲ್ಲ. ಹಾಗಾಗಿ ಬಣ್ಣವನ್ನು ನಂಬಬಾರದು. ತರಂಗದೂರವನ್ನು ಸ್ಪಷ್ಟವಾಗಿ ನಮೂದಿಸದ ಸಾಧನವನ್ನು ಕೊಳ್ಳದಿರುವುದೇ ಲೇಸು. ನಿಜವಾದ ಯುವಿ-ಸಿ ಇದ್ದರೂ ಲೆನ್ಸಿನ ಮೇಲಿನ ಕೊಳೆ ನೆರಳು ಮಾಡಿದ ಕಡೆ ಕಿರಣ ತಲುಪುವುದಿಲ್ಲ. ಜೊತೆಗೆ ಅದೇ ಕಿರಣ ಕಾರ್ನಿಯಾವನ್ನು ಸುಡಬಲ್ಲದಾದ್ದರಿಂದ, ಮುಚ್ಚಳ ತೆರೆದೊಡನೆ ದೀಪ ತಾನೇ ಆರುವ ವ್ಯವಸ್ಥೆ ಇರಲೇಬೇಕು.

ತಾನಾಗಿ ಕೆಲಸ ಮಾಡುವ ಸಾಧನದ ಆಸೆ ಹೊಸದೇನಲ್ಲ. ಜೆಕ್ ರಸಾಯನವಿಜ್ಞಾನಿ ಒಟ್ಟೊ ವಿಖ್ಟರ್ಲೆ 1961ರಲ್ಲಿ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಕಟ್ಟಿದ ಯಂತ್ರದಲ್ಲಿ ಮೃದು ಲೆನ್ಸ್‌ಗಳನ್ನು ತಯಾರಿಸಿದರು. 1971ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ ಅನುಮೋದನೆ ದೊರೆತ ನಂತರದ ವರ್ಷಗಳಲ್ಲಿ ಜನ ಬಳಸಿದ್ದು ಲೆನ್ಸನ್ನು ಉಪ್ಪುನೀರಿನಲ್ಲಿ ಕಾಯಿಸುವ ವಿದ್ಯುತ್ ಡಬ್ಬಿಯನ್ನು. ಕನಿಷ್ಠ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಇಟ್ಟರೆ ಸೂಕ್ಷ್ಮಜೀವಿಗಳು ಸಾಯುತ್ತಿದ್ದವು, ಅಕಾಂತಮೀಬಾ ಕೂಡ. ಆದರೆ ಉಜ್ಜದೆ ಕಾಯಿಸಿದ ಲೆನ್ಸಿನಲ್ಲಿ ಪ್ರೋಟೀನು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿ ಲೆನ್ಸನ್ನೇ ಕೆಡಿಸುತ್ತಿತ್ತು. ಕೊಳೆ ತೆಗೆಯದೆ ಸೋಂಕು ಮಾತ್ರ ತೆಗೆಯಲು ಹೋದರೆ ಹೀಗೆ.

ಈಗ ಪೆರಾಕ್ಸೈಡ್ ಬಟ್ಟಲಿಗೆ ಬರೋಣ. ಎಒಸೆಪ್ಟ್‌ನಂತಹ ಹೆಸರುಗಳಲ್ಲಿ ಸಿಗುವ ಈ ವ್ಯವಸ್ಥೆಯಲ್ಲಿ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಲೆನ್ಸ್ ಹಿಡಿದಿಡುವ ಎರಡು ಬುಟ್ಟಿಗಳು, ಬಟ್ಟಲಿನ ತಳದಲ್ಲಿ ಪ್ಲಾಟಿನಂ ಲೇಪಿಸಿದ ಒಂದು ಬಿಲ್ಲೆ ಇರುತ್ತವೆ. ಮುಚ್ಚಳ ಹಾಕಿದೊಡನೆ ಪ್ಲಾಟಿನಂನ ಸಂಪರ್ಕದಿಂದ ಪೆರಾಕ್ಸೈಡ್ ನೀರು ಮತ್ತು ಆಮ್ಲಜನಕವಾಗಿ ಒಡೆಯತೊಡಗುತ್ತದೆ. ಒಡೆಯುವ ವೇಗ ಮೊದಲಿಗೆ ಹೆಚ್ಚು, ಆಮೇಲೆ ನಿಧಾನ. 6 ಗಂಟೆಗಳ ಹೊತ್ತಿಗೆ ಉಳಿಯುವುದು ಕಣ್ಣಿಗೆ ಹಿತವಾದ ಉಪ್ಪುನೀರು ಮಾತ್ರ. ಸೋಂಕುನಿವಾರಕವೇ ತನ್ನ ಕೆಲಸ ಮುಗಿಸಿ ತಾನಾಗಿ ನಿರಪಾಯವಾಗುವ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾಗಿದೆ. ಸಂರಕ್ಷಕ ರಾಸಾಯನಿಕಗಳು ಉಳಿಯುವುದಿಲ್ಲವಾದ್ದರಿಂದ, ಮಲ್ಟಿಪರ್ಪಸ್ ದ್ರಾವಣದಿಂದ ಕಣ್ಣು ಕೆಂಪಾಗುವವರಿಗೂ ಇದು ಒಗ್ಗುತ್ತದೆ. ಬೆಳಗ್ಗೆ ಲೆನ್ಸ್ ಹಾಕಿಕೊಂಡಾಗ ಸಿಗುವ ಹಗುರವಾದ ಅನುಭವ ನನಗೆ ಬೇರಾವ ಸಾಧನದಿಂದಲೂ ಸಿಕ್ಕಿಲ್ಲ.

ಇದಕ್ಕೂ ಮಿತಿಗಳಿವೆ, ಅವು ಸಣ್ಣವಲ್ಲ. ಒಡೆಯದ ಪೆರಾಕ್ಸೈಡ್ ಕಣ್ಣಿಗೆ ಬಿದ್ದರೆ ತೀವ್ರ ಉರಿಯಾಗುತ್ತದೆ. ಬಾಟಲಿಯ ತುದಿ ಕೆಂಪಗಿರುವುದು ಈ ಎಚ್ಚರಿಕೆಗಾಗಿಯೇ. ಬಟ್ಟಲಿನ ಮುಚ್ಚಳದಲ್ಲಿ ಅನಿಲ ಹೊರಹೋಗಲು ದಾರಿ ಇರುತ್ತದೆ, ಆದ್ದರಿಂದ ಈ ದ್ರಾವಣವನ್ನು ಸಾಮಾನ್ಯ ಲೆನ್ಸ್ ಡಬ್ಬಿಗಾಗಲಿ, ಬಿಗಿಯಾಗಿ ಮುಚ್ಚುವ ಮೋಟಾರು ಡಬ್ಬಿಗಾಗಲಿ ಎಂದಿಗೂ ಸುರಿಯಬಾರದು. ಬಿಲ್ಲೆಯ ಶಕ್ತಿ ಬಳಕೆಯಿಂದ ಕುಂದುವುದರಿಂದ ಹೊಸ ಬಾಟಲಿಯೊಂದಿಗೆ ಬರುವ ಹೊಸ ಬಟ್ಟಲನ್ನೇ ಬಳಸಬೇಕು. ಅವಸರಕ್ಕೆ ಇದು ಒದಗುವುದಿಲ್ಲ. ಜಿಡ್ಡು ಹೆಚ್ಚು ಕಟ್ಟುವವರು ಲೆನ್ಸನ್ನು ಬುಟ್ಟಿಗಿಡುವ ಮೊದಲು ಮೃದು ಲೆನ್ಸ್‌ಗೆ ತಕ್ಕ ಬೇರೆ ಕ್ಲೀನರ್‌ನಿಂದ ಉಜ್ಜಿ ತೊಳೆದರೆ ಫಲ ಇನ್ನೂ ಚೆನ್ನಾಗಿರುತ್ತದೆ.

ಮೋಟಾರು ಡಬ್ಬಿಗಳಿಗೆ ಹೋಲಿಸಿದಾಗ ಈ ಬಟ್ಟಲಿಗಿರುವ ಇನ್ನೊಂದು ಮೇಲುಗೈ ಎಂದರೆ ಅದು ಪದೇ ಪದೇ ಬದಲಾಗುತ್ತದೆ. ಸಾಮಾನ್ಯ ಲೆನ್ಸ್ ಡಬ್ಬಿಯನ್ನು ಕೂಡ ಕನಿಷ್ಠ 3 ತಿಂಗಳಿಗೊಮ್ಮೆ ಬದಲಿಸಬೇಕೆನ್ನುತ್ತಾರೆ, ಏಕೆಂದರೆ ಒಳಗೋಡೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಪದರ ಬರಿಯ ದ್ರಾವಣಕ್ಕೆ ಬಗ್ಗುವುದಿಲ್ಲ. ಗುಳಿಗಳು ಯಂತ್ರದ ಮೈಗೇ ಅಂಟಿಕೊಂಡಿದ್ದು, ರಬ್ಬರ್ ಉಂಗುರದ ಸಂದುಗಳಲ್ಲಿ ತೇವ ನಿಲ್ಲುವ ಸಾಧನವನ್ನು ವರ್ಷಗಟ್ಟಲೆ ಬಳಸುವುದೆಂದರೆ ಹಳೆಯ ಡಬ್ಬಿಯನ್ನು ಬದಲಿಸದೆ ಇಟ್ಟುಕೊಂಡಂತೆಯೇ. ಗುಳಿಗಳನ್ನು ಕಳಚಿ, ಒರೆಸಿ, ಕವುಚಿ ಒಣಗಿಸಲು ಬರುವ, ಬದಲಿ ಗುಳಿಗಳು ಬೇರೆಯಾಗಿ ಸಿಗುವ ಮಾದರಿಯನ್ನಷ್ಟೇ ನಾನು ಶಿಫಾರಸು ಮಾಡುತ್ತೇನೆ.

ದಿನಕ್ಕೊಂದು ಜೊತೆ ಧರಿಸಿ ಎಸೆಯುವವರಿಗೆ ಇವುಗಳಲ್ಲಿ ಯಾವುದೂ ಬೇಡ. ಸಂಧಿವಾತದಿಂದ ಬೆರಳು ಬಾಗದವರಿಗೆ, ಕೈ ನಡುಗುವವರಿಗೆ, ವಯಸ್ಸಾದವರ ಲೆನ್ಸ್ ನೋಡಿಕೊಳ್ಳುವ ಮನೆಯವರಿಗೆ ಮೋಟಾರು ಡಬ್ಬಿ ಒಂದಿಷ್ಟು ನೆರವಾಗುತ್ತದೆ. ಅವರಿಗೂ ಪೆರಾಕ್ಸೈಡ್ ಬಟ್ಟಲೇ ಮೊದಲ ಆಯ್ಕೆಯಾಗಲಿ, ಆದರೆ ಅದಕ್ಕೆ ಮುನ್ನ ಲೆನ್ಸ್ ಬರೆದುಕೊಟ್ಟ ನೇತ್ರತಜ್ಞರನ್ನು ಒಮ್ಮೆ ಕೇಳುವುದು ಒಳ್ಳೆಯದು. ಈಗಾಗಲೇ ಮೋಟಾರು ಡಬ್ಬಿ ಕೊಂಡವರು ಅದನ್ನು ಎಸೆಯಬೇಕಾಗಿಲ್ಲ. ಕೈ ತೊಳೆದು ಒರೆಸಿಕೊಂಡು, ಲೆನ್ಸಿನ ಎರಡೂ ಬದಿಯನ್ನು ದ್ರಾವಣದಿಂದ ಉಜ್ಜಿ ತೊಳೆದ ಮೇಲೆ ಯಂತ್ರವನ್ನು ಓಡಿಸಿ, ಆ ದ್ರಾವಣವನ್ನು ಪೂರ್ತಿ ಚೆಲ್ಲಿ, ಬೇರೆ ಡಬ್ಬಿಯಲ್ಲಿ ಹೊಸ ದ್ರಾವಣ ತುಂಬಿ, ಬಾಟಲಿಯ ಮೇಲೆ ಬರೆದಿರುವಷ್ಟು ಗಂಟೆ ಲೆನ್ಸನ್ನು ನೆನೆಸಿಡಬೇಕು.