ಹಳೇ ಮಹೀಂದ್ರ ಪಿಕಪ್: ಹರಿಕೇನ್, ಟ್ರ್ಯಾಕ್ಟರ್ ಡೀಸೆಲ್, ಪ್ಯೂಜೊ – ಯಾವುದನ್ನು ಉಳಿಸಬೇಕು?

ಮಲೆನಾಡಿನ ತೋಟಗಳಲ್ಲಿ ಇನ್ನೂ ಉಳಿದಿರುವ ಹಳೇ ಮಹೀಂದ್ರ ಜೀಪ್ ಪಿಕಪ್‌ಗಳ ಆರ್‌ಸಿ ನೋಡಿ ಇಂಜಿನ್ ಯಾವುದು ಅಂತ ಹೇಳಲು ಹೋಗಬೇಡಿ. ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇರುತ್ತದೆ, ಬಾನೆಟ್ ಎತ್ತಿದರೆ ಡೀಸೆಲ್ ಕೂತಿರುತ್ತದೆ. 1973ರ ನಂತರ ಪೆಟ್ರೋಲ್ ಬೆಲೆ ಏರುತ್ತಾ ಹೋದ ಹಾಗೆ ಎಷ್ಟೋ ಜನ ಕಂಪನಿ ಇಂಜಿನ್ ಇಳಿಸಿ, ಸಿಕ್ಕಿದ ಡೀಸೆಲ್ ಏರಿಸಿಬಿಟ್ಟರು. ಹಾಗಾಗಿ ಇವತ್ತು ಇಂಥ ಗಾಡಿ ಕೊಳ್ಳುವವರಿಗೆ ಮೊದಲ ಕೆಲಸ ಗುರುತು ಹಿಡಿಯುವುದು. ಯಾವುದನ್ನು ಉಳಿಸಬೇಕು ಅನ್ನುವುದು ಆಮೇಲಿನ ಮಾತು.

ನಮ್ಮ ಕುಟುಂಬದಲ್ಲಿ ಮೂರು ಥರದ್ದೂ ಇವೆ. ನಮ್ಮ ಮನೆಯ ಗಾಡಿಯಲ್ಲಿ ಕಂಪನಿಯಿಂದಲೇ ಬಂದ ಹರಿಕೇನ್ ಪೆಟ್ರೋಲ್. ದೊಡ್ಡಪ್ಪನ ಗಾಡಿಯಲ್ಲಿ ಟ್ರ್ಯಾಕ್ಟರ್ ಡೀಸೆಲ್. ಭಾವನ ಗಾಡಿಗೆ ಪ್ಯೂಜೊ ಡೀಸೆಲ್. ಮೂರರ ಇಂಜಿನ್ ಕೆಲಸದಲ್ಲೂ ಮೇಸ್ತ್ರಿ ಪಕ್ಕ ನಿಂತು ಸ್ಪ್ಯಾನರ್ ಹಿಡಿದಿದ್ದೇನೆ. ಮೂರನ್ನೂ ಕಣದಿಂದ ಡಾಂಬರು ರಸ್ತೆವರೆಗಿನ ಅದೇ ಏರಿನಲ್ಲಿ, ಹತ್ತು ಮೂಟೆ ಕಾಫಿ ಹೇರಿ ಓಡಿಸಿದ್ದೇನೆ. ಮೂರಕ್ಕೂ ಒಂದೇ ಥರದ ಮೂರು ಗೇರಿನ ಗೇರ್‌ಬಾಕ್ಸ್, ಹಿಂದೆ 5.38ರ ಕ್ರೌನ್-ಪಿನಿಯನ್ (ಟಾಪ್ ಗೇರಿನಲ್ಲಿ ಇಂಜಿನ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು). ಇದು ನನಗೆ ಒಳ್ಳೆಯದೇ ಆಯ್ತು. ವ್ಯತ್ಯಾಸ ಏನಿದ್ದರೂ ಇಂಜಿನ್ನಿನದ್ದೇ.

ಮೊದಲು ಗುರುತು. ಪೆಟ್ರೋಲ್ ಇದ್ದರೆ ಅದು ಎರಡರಲ್ಲಿ ಒಂದು. ಯುದ್ಧಕಾಲದ ಜೀಪಿನ ಗೋ ಡೆವಿಲ್, ಇಲ್ಲವೇ ಅದರ ನಂತರದ ಹರಿಕೇನ್. ಎರಡೂ 134 ಘನ ಇಂಚಿನವು, ಅಂದರೆ 2199 ಸಿಸಿ. ಬೋರ್ (ಸಿಲಿಂಡರಿನ ಅಗಲ), ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಎರಡೂ ಒಂದೇ. ಆದರೆ ನೋಡಿದ ತಕ್ಷಣ ಬೇರೆ ಅಂತ ಗೊತ್ತಾಗುತ್ತದೆ. ಗೋ ಡೆವಿಲ್‌ನ ಹೆಡ್ ಚಪ್ಪಟೆ, ಸುಮ್ನೆ ಒಂದು ದಪ್ಪ ಹಲಗೆ ಇಟ್ಟ ಹಾಗೆ. ಪ್ಲಗ್‌ಗಳು ಅದರ ಮೇಲೆ ನೆಟ್ಟಗೆ ನಿಂತಿರುತ್ತವೆ. ಎರಡು ಥರದ ವಾಲ್ವ್‌ಗಳೂ ಬ್ಲಾಕಿನಲ್ಲೇ ಇರುವುದರಿಂದ ಮೇಲೆ ರಾಕರ್ ಕವರ್ ಇರುವುದೇ ಇಲ್ಲ. ಹರಿಕೇನ್‌ನಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿಗೆ ಬಂತು, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲೇ ಉಳಿಯಿತು. ಹಾಗಾಗಿ ಮೇಲೆ ರಾಕರ್ ಕವರ್ ಕಾಣುತ್ತದೆ, ಕಾರ್ಬುರೇಟರ್ ನೇರವಾಗಿ ಹೆಡ್ಡಿಗೇ ಕೂತಿರುತ್ತದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮಾತ್ರ ಒಂಟಿಯಾಗಿ ಕೆಳಗೆ ಬ್ಲಾಕಿನ ಪಕ್ಕದಲ್ಲಿ. ಈ ಬದಲಾವಣೆಯಿಂದ ಅದೇ 2199 ಸಿಸಿಯಲ್ಲಿ 60 ಎಚ್‌ಪಿ ಇದ್ದದ್ದು 75 ಆಯಿತು. ಇಂಜಿನ್ ಎತ್ತರವೂ ಜಾಸ್ತಿಯಾಯಿತು. 1953ರಲ್ಲಿ ಬಂದ ಸಿಜೆ-3ಬಿ ಜೀಪಿನ ಬಾನೆಟ್ ಅಷ್ಟು ಎತ್ತರ ಇರುವುದು ಇದೇ ಕಾರಣಕ್ಕೆ. ನಮ್ಮ ಮಹೀಂದ್ರ ಜೀಪುಗಳ ಆ ಉದ್ದ ಮುಖ ಅಲ್ಲಿಂದ ಬಂದದ್ದು.

ಈ ಪೆಟ್ರೋಲ್ ಇಂಜಿನ್‌ಗಳ ನಂಬರ್ ವಾಟರ್ ಪಂಪಿನ ಹತ್ತಿರ, ಬ್ಲಾಕಿನ ಮುಂಭಾಗದ ಉಬ್ಬಿನ ಮೇಲೆ ಇರುತ್ತದೆ. ಅದರ ಮೇಲೆ ದಶಕಗಳ ಗ್ರೀಸ್, ಧೂಳು, ಎರಡು-ಮೂರು ಸಲ ಬಳಿದ ಪೇಂಟ್. ಉಳಿ, ಸ್ಕ್ರೂಡ್ರೈವರ್ ತಗೊಂಡು ಕೆರೆಯಬಾರದು. ಡೀಸೆಲ್‌ನಲ್ಲಿ ಬ್ರಶ್ ಅದ್ದಿ ಉಜ್ಜಿ, ಒಣಗಿದ ಮೇಲೆ ಸೀಮೆಸುಣ್ಣ ಅಡ್ಡಕ್ಕೆ ಸವರಿದರೆ ಅಂಕಿಗಳು ಎದ್ದು ಕಾಣುತ್ತವೆ. ಅಂಕಿಯ ಕೊನೆಗೆ ಒಂದು ಅಕ್ಷರ ಇದೆಯಾ ನೋಡಿ. ಮೂಲ ಜೀಪ್ ಮಾಡಿದ ಅಮೆರಿಕದ ವಿಲ್ಲೀಸ್ ಕಂಪನಿಯ ಮ್ಯಾನುಯಲ್ ಪ್ರಕಾರ ಎ ಇದ್ದರೆ ಕಾರ್ಖಾನೆಯಲ್ಲೇ ಮೇನ್ ಮತ್ತು ಕನೆಕ್ಟಿಂಗ್ ರಾಡ್ ಬೇರಿಂಗ್ 0.010 ಇಂಚು ಅಂಡರ್‌ಸೈಜ್ ಹಾಕಿದ್ದಾರೆ ಅಂತ. ಬಿ ಇದ್ದರೆ ಪಿಸ್ಟನ್ 0.010 ಓವರ್‌ಸೈಜ್. ಎಬಿ ಅಂದರೆ ಎರಡೂ. ಈ ಒಂದು ಅಕ್ಷರ ಗಮನಿಸದೆ ಸ್ಟ್ಯಾಂಡರ್ಡ್ ಅಳತೆಯ ಬೇರಿಂಗ್ ಶೆಲ್ ತಂದು ಕೂರಿಸಿದರೆ ಆಯಿಲ್ ಪ್ರೆಶರ್ ಯಾಕೆ ಬರುತ್ತಿಲ್ಲ ಅಂತ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಅಕ್ಷರ ಹೇಳುವುದು ಕಾರ್ಖಾನೆ ಬಿಟ್ಟ ದಿನದ ಕಥೆ ಮಾತ್ರ. ಆಮೇಲೆ ಎಷ್ಟು ಸಲ ರೀಬೋರ್ ಆಗಿದೆಯೋ (ಸಿಲಿಂಡರ್ ಕೊರೆದು ದೊಡ್ಡದು ಮಾಡಿದ್ದಾರೋ), ಅದನ್ನು ಅಳತೆ ಹಿಡಿದೇ ನೋಡಬೇಕು.

ಡೀಸೆಲ್‌ಗಳ ಗುರುತು ಇನ್ನೂ ಸುಲಭ. ಹೆಡ್ಡು, ಬ್ಲಾಕು ಎರಡೂ ಬೀಡು ಕಬ್ಬಿಣ, ಎತ್ತರದ ಭಾರೀ ಮೈ, ಎಂಜಿನ್‌ಕೋಣೆಯಲ್ಲಿ ಕೈ ಹಾಕಲು ಜಾಗ ಇಲ್ಲ ಅಂದರೆ ಟ್ರ್ಯಾಕ್ಟರ್ ಇಂಜಿನ್. ಇದು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶ. 1963ರಲ್ಲಿ ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ವೋಲ್ಟಾಸ್ ಸೇರಿ ಟ್ರ್ಯಾಕ್ಟರ್ ಕಂಪನಿ ಮಾಡಿದ್ದರು. ಅದೇ ಇಂಜಿನ್ ಮುಂದೆ ಜೀಪಿಗೂ ಬಂತು. ಬ್ಲಾಕು ಕಪ್ಪು, ಹೆಡ್ ಮಾತ್ರ ಅಲ್ಯೂಮಿನಿಯಂನ ಬಿಳಿ ಬಣ್ಣ, ಎಕ್ಸ್‌ಡಿಪಿ 4.90 ಅಂತ ಗುರುತು ಇದ್ದರೆ ಪ್ಯೂಜೊ. 4.90 ಅಂದರೆ ನಾಲ್ಕು ಸಿಲಿಂಡರ್, 90 ಮಿಮೀ ಬೋರ್. ಸ್ಟ್ರೋಕ್ 83 ಮಿಮೀ, ಒಟ್ಟು 2112 ಸಿಸಿ. ಫ್ರಾನ್ಸಿನ ಈ ಇಂಜಿನ್ ಪ್ಯೂಜೊ 504 ಕಾರಿನಲ್ಲೂ ಇತ್ತು. ನಮ್ಮಲ್ಲಿ ಮಹೀಂದ್ರ ಜೀಪುಗಳ ಮೂಲಕ ಮನೆಮಾತಾಯಿತು.

ಈಗ ಏರಿನ ವಿಷಯಕ್ಕೆ ಬರೋಣ.

ಹರಿಕೇನ್‌ನ ಸ್ಟ್ರೋಕ್ 111 ಮಿಮೀ, ಬೋರ್ 79 ಚಿಲ್ಲರೆ. ಉದ್ದ ಸ್ಟ್ರೋಕಿನ ಇಂಜಿನ್. ಎರಡನೇ ಗೇರಿನಲ್ಲಿ ಮೂಟೆ ಹೊತ್ತು, ಆಕ್ಸಿಲರೇಟರ್ ಅರ್ಧ ಒತ್ತಿದರೆ ಸಾಕು, ಗೊಣಗದೆ ಏರುತ್ತದೆ. ಮಳೆಗಾಲದ ಕೆಸರಿನಲ್ಲಿ ಇದರ ಗುಣ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕಾಲಿನ ಬೆರಳು ಅಲುಗಿಸಿದಷ್ಟೇ ಶಕ್ತಿ ಚಕ್ರಕ್ಕೆ ಹೋಗುತ್ತದೆ, ಟೈರ್ ಸುತ್ತಿಕೊಂಡು ನೆಲ ಅಗೆಯುವುದಿಲ್ಲ. ಇಂಜಿನ್ ಆನ್ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ ಐಡಲ್ ಆಗುತ್ತದೆ. ಕುಡಿಯುವುದು ಮಾತ್ರ ಜಾಸ್ತಿ, ಲೋಡ್ ಇದ್ದು ಏರು ಇದ್ದರೆ ಲೀಟರಿಗೆ ಆರೇಳು ಕಿಲೋಮೀಟರ್ ಅಷ್ಟೇ. ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ.

ಟ್ರ್ಯಾಕ್ಟರ್ ಇಂಜಿನ್‌ನ ದೊಡ್ಡಪ್ಪನ ಗಾಡಿ ಅದೇ ಏರನ್ನು ಇನ್ನೂ ನಿಧಾನವಾಗಿ, ಇನ್ನೂ ಹಟದಿಂದ ಹತ್ತುತ್ತದೆ. ಎಳೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ತೊಂದರೆ ಡಾಂಬರು ರಸ್ತೆಗೆ ಬಂದ ಮೇಲೆ. ಲೆಕ್ಕ ಹಾಕಿ ನೋಡಿ: 5.38ರ ಕ್ರೌನ್, 16 ಇಂಚಿನ ಜೀಪ್ ಟೈರ್, ಟಾಪ್ ಗೇರ್ ನೇರ. ಗಂಟೆಗೆ 60 ಕಿಮೀ ಹೋಗಬೇಕಾದರೆ ಇಂಜಿನ್ ಸುಮಾರು 2450 ಸುತ್ತು ತಿರುಗಬೇಕು. ಟ್ರ್ಯಾಕ್ಟರಿಗೆ ಕಟ್ಟಿದ ಗವರ್ನರ್ (ಸುತ್ತು ಮಿತಿ ಮೀರದಂತೆ ತಡೆಯುವ ಸಾಧನ) 2000ಕ್ಕೂ ಮೊದಲೇ ಕೈ ಹಿಡಿಯುತ್ತದೆ. ಅಂದರೆ 50 ದಾಟುವುದಿಲ್ಲ. ಜೀಪಿಗೆ ಅಂತಲೇ ಬಂದ ಇಂಜಿನ್‌ಗಳಲ್ಲಿ ಇದನ್ನು ಸರಿಮಾಡಿದ್ದರು. ಆದರೆ ತೋಟಗಳಲ್ಲಿ ಸಿಗುವ ಎಷ್ಟೋ ಇಂಜಿನ್‌ಗಳು ನೇರ ಟ್ರ್ಯಾಕ್ಟರಿನಿಂದ ಕಿತ್ತವು. ಮೂಡಿಗೆರೆ ಕಡೆಯಿಂದ ಹಾಸನಕ್ಕೆ ದೊಡ್ಡಪ್ಪನ ಗಾಡಿ ಹೊರಟರೆ ಹಿಂದೆ ಬಸ್ಸುಗಳ ಮೆರವಣಿಗೆ. ಭಾರಕ್ಕೆ ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಕೂತುಬಿಟ್ಟಿವೆ. ನಡುಕಕ್ಕೆ ಮೌಂಟಿಂಗ್ ರಬ್ಬರ್ ಪದೇ ಪದೇ ಹೋಗುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಅಂತ ಮಾಡಿದ ಗೇರ್‌ಬಾಕ್ಸ್ ಪಾಪ, ಅದರ ಬೇರಿಂಗ್‌ಗಳ ಕಥೆ ಬೇಡ.

ಪ್ಯೂಜೊ ಈ ಎರಡರ ನಡುವಿನದು. ಸ್ಟ್ರೋಕ್ ಗಿಡ್ಡ, ಹಾಗಾಗಿ ಸುತ್ತು ಏರಿಸಿದರೆ ತಕರಾರಿಲ್ಲ. ರಸ್ತೆಯಲ್ಲಿ 60ರಲ್ಲಿ ಆರಾಮಾಗಿ ಹೋಗುತ್ತದೆ, ಮಾತಾಡಲು ಸ್ವಲ್ಪ ದನಿ ಎತ್ತಬೇಕು ಅಷ್ಟೇ. ಭಾವನಿಗೆ ಲೀಟರಿಗೆ ಹನ್ನೊಂದು-ಹನ್ನೆರಡು ಸಿಗುತ್ತದೆ. ಏರಿನಲ್ಲಿ ಮಾತ್ರ ಗೇರ್ ಸರಿಯಾಗಿ ಹಿಡಿಯಬೇಕು. ತೀರಾ ಕೆಳಗಿನ ಸುತ್ತಿನಲ್ಲಿ ಹರಿಕೇನ್ ಕೊಡುವ ಆ ಮೆತ್ತನೆಯ ಎಳೆತ ಇದರಲ್ಲಿ ಇಲ್ಲ. ಎರಡನೇ ಗೇರಿನಲ್ಲಿ ಉಸಿರು ಬಿಟ್ಟರೆ ಮೊದಲನೆಯದಕ್ಕೆ ಹಾಕಬೇಕು. ಆ ಹಳೇ ಗೇರ್‌ಬಾಕ್ಸಿನಲ್ಲಿ ಫಸ್ಟ್ ಗೇರಿಗೆ ಸಿಂಕ್ರೋ (ಓಡುತ್ತಿರುವಾಗಲೇ ಗೇರ್ ಸಲೀಸಾಗಿ ಕೂರುವ ವ್ಯವಸ್ಥೆ) ಇಲ್ಲ, ಅಂದರೆ ಏರಿನ ಮಧ್ಯೆ ನಿಂತೇ ಹಾಕಬೇಕು. ಮೂಟೆ ಹೊತ್ತ ಗಾಡಿಯನ್ನು ಕೆಂಪು ಮಣ್ಣಿನ ಏರಿನಲ್ಲಿ ನಿಲ್ಲಿಸಿ ಹೊರಡಿಸುವುದು ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾ?

ಕೆಲಸ ಮಾಡಿಸುವ ವಿಷಯದಲ್ಲಿ ಮೂರೂ ಮೂರು ದಿಕ್ಕು. ಟ್ರ್ಯಾಕ್ಟರ್ ಇಂಜಿನ್‌ಗೆ ಯಾವ ಹೋಬಳಿಯಲ್ಲಾದರೂ ಕೈ ಹಾಕುವವರು ಸಿಗುತ್ತಾರೆ, ಲೈನರ್-ಪಿಸ್ಟನ್ ಕಿಟ್ ಟ್ರ್ಯಾಕ್ಟರ್ ಅಂಗಡಿಯಲ್ಲೇ ಇರುತ್ತದೆ. ಈ ಮಟ್ಟಿಗೆ ಅದಕ್ಕೆ ಸಾಟಿ ಇಲ್ಲ. ಪ್ಯೂಜೊಗೆ ಹಾಸನ, ಚಿಕ್ಕಮಗಳೂರಿನಲ್ಲಿ ಸಾಮಾನು ಸಿಗುತ್ತದೆ, ಪಂಪು-ನಾಝಲ್ ಕೆಲಸಕ್ಕೆ ಡೀಸೆಲ್ ಪಂಪ್ ಅಂಗಡಿಗಳಿವೆ. ಅದರ ಒಂದೇ ದೊಡ್ಡ ರೋಗ ಬಿಸಿ. ಅಲ್ಯೂಮಿನಿಯಂ ಹೆಡ್, ಕಬ್ಬಿಣದ ಬ್ಲಾಕು. ನೀರು ಕಡಿಮೆಯಾಗಿ ಒಂದು ಸಲ ಕಾದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೊಡೆಯುತ್ತದೆ. ಫೇಸಿಂಗ್, ಅಂದರೆ ಹೆಡ್ಡಿನ ಮುಖ ಸವರಿ ಸಮ ಮಾಡಿಸಬಹುದು, ಆದರೆ ಎಷ್ಟು ಸಲ ಅಂತ ಸವರಿಸುತ್ತೀರಿ? ಭಾವನ ಗಾಡಿಯಲ್ಲಿ ಹಳೇ ಪೆಟ್ರೋಲ್ ರೇಡಿಯೇಟರನ್ನೇ ಉಳಿಸಿಕೊಂಡಿದ್ದರು. ದೊಡ್ಡ ಕೋರ್ ಹಾಕಿಸಿದ ಮೇಲೆಯೇ ಆ ಗಾಡಿ ನೆಮ್ಮದಿ ಕಂಡದ್ದು.

ಹರಿಕೇನ್ ಕೆಲಸಕ್ಕೆ ತಾಳ್ಮೆ ಬೇಕು. ಈಗಿನ ಹುಡುಗರು ಡೆಲ್ಕೋ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್), ಪಾಯಿಂಟು, ಕಂಡೆನ್ಸರ್ ಮುಟ್ಟಿಯೇ ಇಲ್ಲ. ಹಳಬರನ್ನು ಹುಡುಕಬೇಕು. ನಮ್ಮ ಮೇಸ್ತ್ರಿ ಹೆಡ್ ಬಿಚ್ಚುವ ಮೊದಲು ಮಾಡಿದ ಕೆಲಸ ಕಾರ್ಬುರೇಟರ್ ಇಳಿಸಿದ್ದು. ಅದು ಕೂತಿದ್ದ ತೂತಿನೊಳಗೆ ಟಾರ್ಚ್ ಬಿಟ್ಟು ತೋರಿಸಿದರು. ಅಲ್ಲಿ ಒಂದು ಹೆಡ್ ಬೋಲ್ಟ್ ಅಡಗಿ ಕೂತಿದೆ! ಹೊರಗಿನವನ್ನೆಲ್ಲ ಬಿಚ್ಚಿ, ಹೆಡ್ ಯಾಕೆ ಏಳುತ್ತಿಲ್ಲ ಅಂತ ಸಂದಿಗೆ ಹಾರೆ ಹಾಕಿ ಮೀಟಿ ಒಡೆದ ಹೆಡ್‌ಗಳು ಗುಜರಿಗಳಲ್ಲಿ ಬೇಕಾದಷ್ಟಿವೆ. ಕೂರಿಸುವಾಗಲೂ ಅಷ್ಟೇ, ಆ ಬೋಲ್ಟನ್ನೂ ಸೇರಿಸಿ ಕ್ರಮವಾಗಿ 60ರಿಂದ 70 ಫೂಟ್-ಪೌಂಡ್‌ಗೆ ಬಿಗಿ ಮಾಡಬೇಕು.

ಇನ್ನೊಂದು ಕಿರಿಕಿರಿ ಟ್ಯಾಪೆಟ್, ಅಂದರೆ ವಾಲ್ವ್‌ಗಳ ಸಂದಿ ಹೊಂದಿಸುವುದು. ಇನ್‌ಟೇಕ್ ಮೇಲಿನಿಂದ ಹೊಂದಿಸಬಹುದು, 0.018 ಇಂಚು. ಎಕ್ಸಾಸ್ಟ್ 0.016, ಆದರೆ ಅದು ಬ್ಲಾಕಿನ ಪಕ್ಕದ ಕವರ್ ಒಳಗೆ, ಮ್ಯಾನಿಫೋಲ್ಡಿನ ಹಿಂದೆ. ಫೀಲರ್ ಗೇಜ್ ಹಿಡಿದು ಬೆರಳು ತೂರಿಸುವಷ್ಟರಲ್ಲಿ ಚರ್ಮ ಹೋಗಿರುತ್ತದೆ. ಇಂಜಿನ್ ಇಳಿಸಿದಾಗಲೇ ಇದನ್ನು ಮುಗಿಸಿಕೊಳ್ಳಿ. ಬ್ಲಾಕಿನಲ್ಲಿ ನೋಡಲೇಬೇಕಾದ ಜಾಗ ಎಕ್ಸಾಸ್ಟ್ ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವಿನ ಗೋಡೆ. ಬಿರುಕು ಬಿಡುವುದು ಅಲ್ಲೇ. ಸಾಮಾನು ನಾವು ತಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಸೆಟ್ ಕೇಳಿದರೆ ಅಂಗಡಿಯವರು ಮೇಲಿನ ಅಟ್ಟದಿಂದ ಧೂಳು ಕೊಡವಿ ಕೊಡುತ್ತಾರೆ. ಮೂಲ ಕಾರ್ಬುರೇಟರ್ ಹುಡುಕುವುದೇ ಕಷ್ಟ. ಪೆಟ್ರೋಲ್ ಪಂಪಿನ ಡಯಾಫ್ರಮ್ ಮತ್ತು ಪೈಪುಗಳನ್ನು ಎಥನಾಲ್ ತಡೆಯುವಂಥದ್ದೇ ಹಾಕಿಸಿ. ಈಗ ಬಂಕಿನಲ್ಲಿ ಬರುವ ಇ20 ಪೆಟ್ರೋಲಿಗೆ ಹಳೇ ರಬ್ಬರ್ ಬೇಗ ಉಬ್ಬುತ್ತದೆ.

ಆರ್‌ಸಿ ವಿಷಯವನ್ನೂ ಈ ಹೋಲಿಕೆಯಲ್ಲಿ ಸೇರಿಸಬೇಕು, ಯಾಕೆಂದರೆ ಕೊನೆಗೆ ಎಷ್ಟೋ ಜನ ಸಿಕ್ಕಿಬೀಳುವುದು ಅಲ್ಲೇ. ಇಂಜಿನ್ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಹಳೇ ಕನ್ವರ್ಷನ್‌ಗಳಲ್ಲಿ ಇದು ಆಗಿರುವುದು ಕಡಿಮೆ. ಇನ್ನೊಂದು ಕಡೆ, 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಎ ಅಕ್ಷರಗಳ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಡೀಸೆಲ್ ಏರಿಸಿದ ಗಾಡಿಗೆ ಆ ಬಾಗಿಲು ಮುಚ್ಚಿದ ಹಾಗೆ. ಹರಿಕೇನ್ ಇದ್ದರೆ ತೆರೆದಿದೆ. ಆದರೆ ವಿಂಟೇಜ್ ಅಂತ ಮಾಡಿಸಿದರೆ ಆಮೇಲೆ ದಿನಾ ಗೊಬ್ಬರ ಹೊರಲು ರಸ್ತೆಗೆ ಇಳಿಸುವಂತಿಲ್ಲ. ಎರಡೂ ಬೇಕು ಅಂದರೆ ಆಗುವುದಿಲ್ಲ.

ನನ್ನ ಮತ ಕೇಳಿದರೆ ಹೀಗೆ. ಹರಿಕೇನ್ ಬ್ಲಾಕು ಬಿರುಕಿಲ್ಲದೆ ಉಳಿದಿದ್ದರೆ ಅದನ್ನೇ ಮಾಡಿಸಿ. ಆ ಗಾಡಿಯ ಗೇರ್‌ಬಾಕ್ಸು, ಕ್ರೌನು, ಸ್ಪ್ರಿಂಗು, ರೇಡಿಯೇಟರು ಎಲ್ಲವನ್ನೂ ಅಳೆದು ಮಾಡಿದ್ದು ಅದಕ್ಕೇ. ಪೆಟ್ರೋಲ್ ಖರ್ಚು ಹೆದರಿಸುತ್ತದೆ ನಿಜ, ಆದರೆ ತೋಟದೊಳಗೆ ದಿನಕ್ಕೆ ನಾಲ್ಕು ಸುತ್ತು ಹೊಡೆಯುವ ಗಾಡಿಗೆ ಅದು ದೊಡ್ಡ ಮಾತಲ್ಲ. ದಿನಾ ಪೇಟೆಗೆ ಹೋಗಿ ಬರುವ ಗಾಡಿಯಾದರೆ, ಬ್ಲಾಕೂ ಹೋಗಿದ್ದರೆ, ಪ್ಯೂಜೊ. ಟ್ರ್ಯಾಕ್ಟರ್ ಇಂಜಿನ್ ಈಗಾಗಲೇ ಇದ್ದು ಓಡುತ್ತಿದ್ದರೆ ಓಡಲಿ, ಹೊಸದಾಗಿ ಯಾರೂ ಏರಿಸಬೇಡಿ. ದೊಡ್ಡಪ್ಪ ಇದನ್ನು ಒಪ್ಪುವುದಿಲ್ಲ. ಅವರಿಗೆ 50 ದಾಟುವ ಗಾಡಿಯೇ ಬೇಡ.

ಗುಜರಿಯಿಂದ ಪ್ಯೂಜೊ ತರುವವರು ಹೆಡ್ ಬಿಚ್ಚಿಸಿ, ಅದರ ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಸಂದಿ ನೋಡಿಯೇ ದುಡ್ಡು ಕೊಡಿ. ಇಂಜಿನ್ ನಂಬರ್ ಉಜ್ಜಿ ಹೋಗಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಮಾರಿದವರ ರಸೀದಿಯಲ್ಲಿ ಆ ನಂಬರ್ ಬರೆಸಿಕೊಳ್ಳಿ, ಆರ್‌ಟಿಒದಲ್ಲಿ ಮೊದಲು ಕೇಳುವುದು ಅದನ್ನೇ.