ಯಾವ ಚಾಕು: ಕೈಯಲ್ಲಿ ಮಾಡಿದ ಪುಕ್ಕೋನಾ, ಕಾರ್ಖಾನೆಯ ಮೋರಾನಾ?

ದಿನವೂ ಒರಟಾಗಿ ಬಳಸುವುದಾದರೆ ಮೋರಾ ತಗೊಳ್ಳಿ. ಸ್ವೀಡನ್ನಿನ ಮೋರಾ ಊರಲ್ಲಿ 1891ರಲ್ಲಿ ಶುರುವಾದ ಕಂಪನಿಯ ಚಾಕು ಅದು. ಪ್ಲಾಸ್ಟಿಕ್ ಹಿಡಿ, ಬೆಲೆ ಕಡಿಮೆ, ಸ್ಟೇನ್‌ಲೆಸ್ ಅಲಗಾದರೆ ತುಕ್ಕಿನ ಚಿಂತೆಯೂ ಕಡಿಮೆ.

ಫಿನ್‌ಲ್ಯಾಂಡಿನ ಕಮ್ಮಾರರು ನಿಮ್ಮ ಕೈಯಳತೆಗೆ ಮಾಡಿಕೊಡುವ ಪುಕ್ಕೋ, ಅಂದರೆ ಅಲ್ಲಿನ ಸಾಂಪ್ರದಾಯಿಕ ಚಾಕು, ಬೇರೆಯೇ ಸುಖ. ಬಡಿದು ಮಾಡಿದ ಕಾರ್ಬನ್ ಉಕ್ಕು, ಸುರುಳಿ ಗೆರೆಗಳ ಬರ್ಚ್ ಮರದ ಹಿಡಿ, ಚಾಕುವಿನ ಆಕಾರಕ್ಕೇ ಒದ್ದೆ ಮಾಡಿ ಕೂರಿಸಿದ ಚರ್ಮದ ಒರೆ, ಇದನ್ನೆಲ್ಲ ಒಬ್ಬರೇ ಕೂತು ಮಾಡಿದ್ದು ಅಂದರೆ ಹಿಡಿಯುವಾಗಲೇ ಗೊತ್ತಾಗುತ್ತದೆ, ಅಲ್ವಾ? ಒರೆಸಿ ಎಣ್ಣೆ ಹಚ್ಚುತ್ತಿರಬೇಕು, ದುಡ್ಡೂ ಜಾಸ್ತಿ.

ಮಸೆಯುವುದು ಮಾತ್ರ ಎರಡಕ್ಕೂ ಸುಲಭ. ಅಲಗಿನ ಅಂಚಿನ ಅಗಲವಾದ ಇಳಿಜಾರನ್ನು ಮಸೆಗಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ಕೋನ ತಾನಾಗಿ ಸಿಗುತ್ತದೆ. ಮರ ಕೆತ್ತುವ ಹುಚ್ಚಿದ್ದರೆ ನಾನು ಪುಕ್ಕೋ ಅಂತಲೇ ಹೇಳುತ್ತೇನೆ.